ಹಿಂದಿನ ಚಾಪೆ

ಪುಟ್ಟಬಸಮ್ಮ ಬಾಯಲ್ಲಿ ನಾಲ್ಕು ಸಣ್ಣ ಮೊಳೆ ಕಚ್ಚಿಕೊಂಡು, ಖಾಲಿ ಪೆಟ್ಟಿಗೆಯೊಳಗೆ ಬಗ್ಗಿ, ಬಿಳಿ ಬಟ್ಟೆಯ ಅಂಚು ಮಡಿಸಿ ಹಲಗೆಗೆ ಹೊಡೆಯುತ್ತಿದ್ದಳು. ಎದುರಿಗೆ ದೀಪ ಬಟ್ಟೆಯನ್ನು ಎಳೆದು ಹಿಡಿದಿದ್ದಳು. ಒಂದು ಮೂಲೆ ಮುಗಿದರೆ ಪುಟ್ಟಬಸಮ್ಮ ಗದ್ದ ಎತ್ತುವಳು, ದೀಪ ಮುಂದಿನ ಮೂಲೆಗೆ ಸರಿಯುವಳು. ತಲೆ ಬರುವ ಕಡೆ ಬಟ್ಟೆಯನ್ನು ಎರಡು ಪದರ ಮಾಡಿ ಒಳಗೆ ಒಂದಿಷ್ಟು ಹತ್ತಿ ತುಂಬಿದರು.

ಊರಿನ ಕ್ರೈಸ್ತ ಸಭೆಯಲ್ಲಿ ಯಾರು ಸತ್ತರೂ ಪೆಟ್ಟಿಗೆಗೆ ಬಟ್ಟೆ ಹೊಡೆಯುವುದು ಪುಟ್ಟಬಸಮ್ಮನ ಕೆಲಸ. ಹದಿನಾಲ್ಕು ವರ್ಷದಿಂದ ಚರ್ಚಿನಲ್ಲಿ ಅವಳಿಗೆ ಉಳಿದಿದ್ದ ಕೆಲಸವೂ ಅದೊಂದೇ. ಇವತ್ತಿನ ಪೆಟ್ಟಿಗೆ ದೀಪಳ ಮಾವ ದೊಡ್ಡಮಾದಪ್ಪನದು. ಮೂವತ್ತು ವರ್ಷ ಸಭೆಯ ಹಿರಿಯನಾಗಿದ್ದವನು ನಿನ್ನೆ ಸಂಜೆ ಮುದ್ದೆ ಉಂಡು, ಕೈ ತೊಳೆದು, ಸ್ಟೂಲಿನ ಮೇಲೆ ಕೂತವನು ಹಾಗೇ ಗೋಡೆಗೆ ಒರಗಿದ್ದ.

ಪಕ್ಕದ ಬೀದಿಯ ರಂಗಮ್ಮ ಕ್ಯಾನಿನಲ್ಲಿ ಕಾಫಿ ತಂದಳು. ಸತ್ತ ಮನೆಯಲ್ಲಿ ಒಲೆ ಹಚ್ಚಬಾರದೆಂದು ಅವಳೇ ಬೆಳಗಿನಿಂದ ಎರಡು ಸಲ ತಂದಿದ್ದಳು. ಗೋಡೆಗೆ ಒರಗಿಸಿದ್ದ ಮುಚ್ಚಳದ ಮೇಲಿನ ಬಿಳಿ ಅಕ್ಷರಗಳನ್ನು ನೋಡುತ್ತಾ ನಿಂತಳು.

"ಅದೇನ ಬರ್ದವ್ರೆ ದೀಪ?"

"ಸಮುವೇಲ್ ಅಂತ ಕಣ್ ದೊಡ್ಡವ್ವ."

"ಅಂವ ಯಾರು?"

"ಮಾವನೇ. ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು."

"ಅಯ್ಯೋ ಸಿವನೆ. ಊರೆಲ್ಲ ದೊಡ್ಡಮಾದಪ್ಪ, ದೊಡ್ಡಮಾದಪ್ಪ ಅಂತ ಕೂಗಿದ್ವಿ. ಮೇಲ್ಗಡೆ ಸಮುವೇಲಪ್ಪ ಬಾರೋ ಅಂದ್ರ ಇಂವ ತಿರುಗಿ ನೋಡನಾ?" ಎಂದು ರಂಗಮ್ಮ ಲೋಟಕ್ಕೆ ಕಾಫಿ ಸುರಿದಳು. "ನಮ್ಮೋನು ಕುಡ್ದು ಚರಂಡಿಲಿ ಬಿದ್ದಿದ್ದಾಗ ಎತ್ಕಬಂದು ಚರ್ಚ್ ಜಗಲಿ ಮ್ಯಾಲೆ ಕೂರ್ಸಿದ್ದ ಪುಣ್ಯಾತ್ಮ. ಅಮಲು ಇಳಿಯೋಗಂಟ ಬುಡ್ನಿಲ್ಲ. ಇಳಿದ ಮ್ಯಾಲೆ ನಮ್ಮ ಬೆಟ್ಟದ ಮಾದಪ್ಪನ ಮ್ಯಾಲೆ ಆಣೆ ಮಾಡ್ಸಿದ. ಏಸಪ್ಪನ ಮ್ಯಾಲೆ ಮಾಡ್ಸಿದ್ರ ನೀನು ಎದರ್ಕಳಲ್ಲ ಕಣ್ಲಾ ಅಂದ."

ದೀಪ ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪುಟ್ಟಬಸಮ್ಮ ಬಾಯಿಂದ ಕೊನೆಯ ಮೊಳೆ ತೆಗೆದು ಬಡಿದಳು.

"ಯೋವಾನಣ್ಣ ಬತ್ತಾರಾ?" ಎಂದು ಕೇಳಿದಳು.

"ಅಗರದಿಂದ ಒಂಟವ್ರಂತೆ ಅತ್ತೆ. ಮಗಳು ಆಟೋ ಮಾಡ್ಕಂಡು ಕರ್ಕಬತ್ತಾವ್ಳೆ," ಎಂದಳು ದೀಪ. ಸಭೆಯ ಹಿರಿಯ ಹೆಂಗಸರನ್ನೆಲ್ಲ ಅವಳು ಅತ್ತೆ ಎಂದೇ ಕರೆಯುತ್ತಿದ್ದಳು.

ಪುಟ್ಟಬಸಮ್ಮ ಸುತ್ತಿಗೆ ಕೆಳಗಿಟ್ಟಳು.

*

ಅದು ಹದಿನಾಲ್ಕು ವರ್ಷದ ಹಿಂದಿನ ಕಾರ್ತಿಕ. ಅವಳ ಮಗ ಮೂರ್ತಿಗೆ ಆಗ ಆರು ವರ್ಷ. ತಲೆಯ ತುಂಬ ಕೀವುಗುಳ್ಳೆ ಎದ್ದು ಮಗು ನಿದ್ದೆಯಿಲ್ಲದೆ ಕೆರೆದುಕೊಳ್ಳುತ್ತಿತ್ತು. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಡಾಕ್ಟರು ಕೂದಲನ್ನೆಲ್ಲ ಬೋಳಿಸಿ, ಹಳದಿ ಮುಲಾಮನ್ನು ನೆತ್ತಿಯಿಂದ ಕಿವಿಯವರೆಗೂ ಬಳಿಸಿ ಕಳಿಸಿದರು. ಊರಿನ ಬಸ್ಸಿಗಾಗಿ ಅವಳು ಹನೂರಿನಲ್ಲಿ ಇಳಿದು ಕಾದು ನಿಂತಳು. ಅದೇ ಹೊತ್ತಿಗೆ ಮಾದೇಶ್ವರನ ಬೆಟ್ಟದಿಂದ ಒಂದು ಬಸ್ಸು ಬಂದು ಪಕ್ಕದಲ್ಲೇ ನಿಂತಿತು. ಮುಡಿ ಕೊಟ್ಟು, ಬೋಳು ತಲೆಗೆ ಗಂಧ ಬಳಿದುಕೊಂಡಿದ್ದ ಜನ ಒಬ್ಬೊಬ್ಬರಾಗಿ ಇಳಿದರು. ಅವರ ನಡುವೆ ಪುಟ್ಟಬಸಮ್ಮ. ಅವಳ ಕಂಕುಳಲ್ಲಿ ಬೋಳು ತಲೆಯ ಮಗು.

ದೊಡ್ಡಮಾದಪ್ಪ ಆಗ ರಸ್ತೆ ಕೆಲಸದ ಗ್ಯಾಂಗಿನಲ್ಲಿದ್ದ. ಖಾಕಿ ಅಂಗಿಯಲ್ಲಿ ಎದುರುಗಡೆ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದವನು ನೋಡಿದ. ಏನೂ ಕೇಳದೆ ಎದ್ದು ಹೋದ.

ಭಾನುವಾರ ಆರಾಧನೆ ಮುಗಿದ ಮೇಲೆ ಅವಳನ್ನು ಚರ್ಚಿನ ಹಿಂದಿನ ಸಣ್ಣ ಕೋಣೆಗೆ ಕರೆದರು. ಬೆಂಚಿನ ಮೇಲೆ ಮೂವರು ಹಿರಿಯರು ಕೂತಿದ್ದರು. ನಡುವೆ ದೊಡ್ಡಮಾದಪ್ಪ, ಬಲಕ್ಕೆ ಅವಳು ಯೋವಾನಣ್ಣ ಎನ್ನುವ ಯೋಹಾನಪ್ಪ, ಎಡಕ್ಕೆ ಈಗ ತೀರಿಕೊಂಡಿರುವ ಮೇಷ್ಟ್ರು.

"ನಿನ್ನ ಐದ ಮೂರ್ತಿದು ಮುಡಿ ಕೊಟ್ಬುಟ್ಟು ಬಂದ್ಯಾ ಬಸಮ್ಮ?" ಎಂದ ದೊಡ್ಡಮಾದಪ್ಪ. ದನಿ ಏರಿಸಿರಲಿಲ್ಲ.

"ಇಲ್ಲ ಕಣಣ್ಣ. ಗುಳ್ಳೆ ಆಗಿತ್ತು. ಆಸ್ಪತ್ರೆಲಿ ಬೋಳಿಸುದ್ರು."

"ತಲೆ ಮ್ಯಾಲೆ ಗಂಧ ನಾನೇ ಕಣ್ಣಾರ ನೋಡ್ದಿ."

"ಅದು ಮುಲಾಮು."

"ನಿಮ್ಮತ್ತೆ ಅದೇ ವಾರ ಬೆಟ್ಟಕ್ಕ ಓಗಿದ್ಲಲ್ಲ," ಎಂದರು ಯೋಹಾನಪ್ಪ.

"ಅತ್ತೆ ಓದ್ರ ನಾನು ಓದಂಗಾ?"

ಆಸ್ಪತ್ರೆಯ ಚೀಟಿ ಅವಳ ರವಿಕೆಯೊಳಗೇ ಇತ್ತು. ತೆಗೆಯಲೆಂದು ಕೈ ಒಯ್ದವಳು ಹಾಗೇ ಬಿಟ್ಟಳು. ದೀಕ್ಷಾಸ್ನಾನ ಆಗಿ ಎಂಟು ವರ್ಷ ಒಂದು ಭಾನುವಾರವೂ ತಪ್ಪಿಸದವಳ ಬಾಯಿಮಾತಿಗೆ ಬೆಲೆಯಿಲ್ಲದಿದ್ದರೆ ಕಾಗದ ಯಾಕೆ ತೋರಿಸಬೇಕು ಎಂದು ಅವಳಿಗೆ ಹಟ ಬಂತು. ಮನೆಗೆ ಹೋಗಿ ಅದನ್ನು ಒಲೆಗೆ ಹಾಕಿದಳು. ಅದೊಂದು ತಪ್ಪು ತನ್ನದು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದಾಳೆ.

ಮೂರು ತಿಂಗಳು ಪ್ರಭುಭೋಜನದಿಂದ, ಸಭೆಯವರೆಲ್ಲ ತಿಂಗಳಿಗೊಮ್ಮೆ ಹಂಚಿ ತಿನ್ನುವ ರೊಟ್ಟಿಯಿಂದ, ಅವಳನ್ನು ನಿಲ್ಲಿಸಿದರು. ಮೂರು ತಿಂಗಳಾದ ಮೇಲೆ ಎದ್ದು ನಿಂತು ತಪ್ಪಾಯಿತು ಅನ್ನಬೇಕು, ಆಮೇಲೆ ರೊಟ್ಟಿ. ಅಲ್ಲಿಯವರೆಗೆ ಬಾಗಿಲ ಹತ್ತಿರದ ಹಿಂದಿನ ಚಾಪೆ. ಮಾಡದ ತಪ್ಪನ್ನು ಅವಳು ಒಪ್ಪಿಕೊಳ್ಳಲಿಲ್ಲ. ಚರ್ಚು ಬಿಡಲೂ ಇಲ್ಲ. ಪ್ರತಿ ಭಾನುವಾರ ಬಂದು ಆ ಚಾಪೆಯ ಮೇಲೆ ಕೂತಳು. ತಿಂಗಳ ಮೊದಲ ಭಾನುವಾರ ರೊಟ್ಟಿಯ ತಟ್ಟೆ ಸಾಲು ಸಾಲಾಗಿ ಹಿಂದಕ್ಕೆ ಬಂದು, ಅವಳ ಮುಂದಿನ ಸಾಲಿನಿಂದ ತಿರುಗಿ ಹೋಗುತ್ತಿತ್ತು. ಬುದ್ಧಿ ಬಂದ ಮೇಲೆ ಮೂರ್ತಿ ಚರ್ಚಿನ ಹೊಸ್ತಿಲು ತುಳಿಯಲಿಲ್ಲ. "ನನ್ನ ತಲೆ ನೋಡ್ಬುಟ್ಟಲ್ವಾ ನಿನ್ನ ಹಿಂದಕ್ಕ ಕೂರ್ಸಿದ್ದು" ಎನ್ನುತ್ತಿದ್ದ.

*

ಹನ್ನೆರಡು ಗಂಟೆಗೆ ಅಂಗಳ ತುಂಬಿತು. ದೊಡ್ಡಮಾದಪ್ಪನನ್ನು ಬಿಳಿ ಪಂಚೆ ಅಂಗಿಯಲ್ಲಿ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ್ದ ಮೂರ್ತಿ ಬೈಕಿನಲ್ಲಿ ಬಂದು ಬೇಲಿಯ ಆಚೆ ನಿಂತುಕೊಂಡ. ಒಳಗೆ ಜನ ಮೆಲ್ಲಗೆ ಮಾತಾಡುತ್ತಿದ್ದರು.

"ಕರೋನದಲ್ಲಿ ನಮ್ಮಪ್ಪನ್ನ ಮುಟ್ಟಕ ಯಾರೂ ಬರ್ನಿಲ್ಲ. ಇವ್ರೊಬ್ರೇ ಹಾರೆ ತಕಂಡು ಬಂದ್ರು."

"ಪ್ರಾರ್ಥನೆ ಮಾತ್ರ ಗಿಡ್ಡ. ಸ್ವಾಮಿ, ಇವಳಿಗೆ ಜ್ವರ, ನೋಡ್ಕೊ, ಆಮೆನ್. ಅಷ್ಟೇಯ."

"ರಸ್ತೆ ಗುಂಡಿ ಮುಚ್ಚೋನಲ್ವಾ. ಉದ್ದ ಯಾಕ ಬೇಕು, ಗುಂಡಿ ಎಲ್ಲದೆ ಅಂತ ಗೊತ್ತಿದ್ರ ಸಾಕು."

ಆಟೋ ಬಂತು. ಯೋಹಾನಪ್ಪ ಮಗಳ ಹೆಗಲು ಹಿಡಿದು ಇಳಿದರು. ಎಂಬತ್ತು ದಾಟಿತ್ತು, ಕಾಲು ಎಳೆಯುತ್ತಿದ್ದರು. ಪೆಟ್ಟಿಗೆಯ ಹತ್ತಿರ ಬಹಳ ಹೊತ್ತು ನಿಂತು, ಗೆಳೆಯನ ಕಾಲು ಮುಟ್ಟಿ, ಕುರ್ಚಿಗೆ ಕುಸಿದರು.

ಹಿರಿಯರು ಹಾಕಿದ ಶಿಸ್ತಿನ ಶಿಕ್ಷೆಯನ್ನು ಹಾಕಿದವರಲ್ಲಿ ಒಬ್ಬರೇ ಸಭೆಯ ಮುಂದೆ ನಿಂತು ತೆಗೆಯಬೇಕು. ಅದು ಈ ಸಭೆಯ ಹಳೆಯ ವಾಡಿಕೆ. ಮೇಷ್ಟ್ರು ಹೋಗಿ ಆರು ವರ್ಷ. ಈಗ ದೊಡ್ಡಮಾದಪ್ಪ. ಉಳಿದವರು ಇವರೊಬ್ಬರೇ. ಪುಟ್ಟಬಸಮ್ಮ ಒಂದು ಲೋಟ ನೀರು ಹಿಡಿದು ಹೋಗಿ ಅವರ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಯೋವಾನಣ್ಣ, ನನ್ನ ಗ್ಯಾಪ್ಕ ಅದಾ?"

"ಅದೆ ಕಣವ್ವ." ಅವರು ನೀರು ಕುಡಿದು ಲೋಟ ಕೊಟ್ಟರು. "ನೀನು ಏನ ಕೇಳ್ತೀಯ ಅಂತಾನೂ ಗೊತ್ತು. ಹಳೇದೆಲ್ಲ ಮಣ್ಣಿಗ ಓಗ್ಲಿ ಬುಡು. ಈಗ ಎತ್ತಿದ್ರ ಮಾದಪ್ಪ ತಪ್ಪು ಮಾಡ್ದ ಅಂತಾಯ್ತದೆ. ಪೆಟ್ಟಿಗೆಲಿ ಮಲ್ಗವ್ನೆ, ತಿರುಗಿ ಮಾತಾಡಕಾಯ್ತದ ಅವನ್ಗ?"

"ನಾನು ಬದ್ಕಿದ್ದೀನಲ್ಲಣ್ಣ."

ಅವರು ಕುರ್ಚಿಗೆ ಒರಗಿಸಿದ್ದ ಕೋಲನ್ನು ಎಳೆದುಕೊಂಡು ಮಗಳನ್ನು ಕೂಗಿದರು.

ಹೊಸದಾಗಿ ಬಂದ ಪಾಸ್ಟರ್ ಅಯ್ಯನವರು ಇದನ್ನು ಕೇಳಿಸಿಕೊಂಡಿದ್ದರು. ಐದು ಊರಿಗೆ ಒಬ್ಬರೇ ಪಾಸ್ಟರ್, ಒಳ್ಳೆಯ ಹುಡುಗ. ಅವಳನ್ನು ಪಕ್ಕಕ್ಕೆ ಕರೆದರು.

"ಬರೋ ಭಾನುವಾರ ನೀವು ಮುಂದೆ ಬಂದು ಕೂತ್ಕೊಳ್ಳಿ ಅಮ್ಮ. ನಾನೇ ನಿಮ್ಮ ಕೈಗೆ ರೊಟ್ಟಿ ಕೊಡ್ತೀನಿ. ಯಾರೂ ಏನೂ ಕೇಳಲ್ಲ."

"ಯಾರೂ ಕೇಳ್ದಂಗ ತಿಂದ್ರ ಕದ್ದು ತಿಂದಂಗಾಯ್ತದಲ್ಲ ಅಯ್ನೋರೆ," ಎಂದಳು. ಅವರು ಕೈಲಿದ್ದ ಪುಸ್ತಕದ ಪುಟ ತಿರುವುತ್ತಾ ಹೋದರು.

ಅವಳು ಹಿತ್ತಲಿಗೆ ಬಂದು ಲೋಟ ತೊಳೆಯುತ್ತಿದ್ದಾಗ ದೀಪ ಹಿಂದೆಯೇ ಬಂದಳು.

"ಅತ್ತೆ, ಒಂದು ಮಾತು. ಯಾರ್ಗೂ ಯೋಳಿಲ್ಲ ನಾನು."

"ಯೋಳು."

"ನಮ್ಮ ಐದನ್ಗೂ ತಲೆಲಿ ಗುಳ್ಳೆ ಆಗಿತ್ತಲ್ಲ, ಹನ್ನೊಂದು ವರ್ಸದ ಹಿಂದೆ. ಅದೇ ಆಸ್ಪತ್ರೆ, ಅದೇ ಹಳದಿ ಮುಲಾಮು. ಬೋಳು ತಲೆ ಮಗ ಮನೆಗ ಬಂದಾಗ ಮಾವ ತೊಡೆ ಮ್ಯಾಲೆ ಕೂರ್ಸ್ಕಂಡು ಒಂದು ಗಂಟೆ ಅದ್ನೇ ನೋಡ್ತಾ ಇದ್ರು. ಬೆರಳಲ್ಲಿ ಮುಟ್ಟಿ ಮೂಸಿ ನೋಡುದ್ರು. ಆವತ್ತು ಉಣ್ನಿಲ್ಲ." ದೀಪ ದನಿ ತಗ್ಗಿಸಿದಳು. "ಆಗ್ಲಿಂದ ಅವ್ರೂ ರೊಟ್ಟಿ ತಿಂದಿಲ್ಲ. ತಟ್ಟೆ ಹಿಡ್ಕಂಡು ಎಲ್ರಿಗೂ ಕೊಟ್ಟು, ತಾವು ತಗಳ್ದೆ ಮೇಜಿನ ಮ್ಯಾಲೆ ಇಟ್ಬುಡೋರು. ಎಲ್ರೂ ಕಣ್ಣು ಮುಚ್ಚಿರ್ತಾರೆ, ಯಾರ್ಗೂ ಗೊತ್ತಾಯ್ತಿರ್ನಿಲ್ಲ. ನಾನು ಮುಚ್ಚಲ್ಲ."

ಪುಟ್ಟಬಸಮ್ಮ ಲೋಟವನ್ನು ಬೋರಲು ಹಾಕಿದಳು.

*

ಹನ್ನೊಂದು ವರ್ಷ. ಅವಳಿಗೆ ಈಗ ಲೆಕ್ಕ ಸಿಕ್ಕಿತು. ಮೊದಲ ಭಾನುವಾರದ ಹಿಂದಿನ ಶನಿವಾರ ಸಂಜೆ ಹಿರಿಯರು ಮನೆಮನೆಗೆ ಹೋಗಿ, ಜಗಳವಾಡಿದವರನ್ನು ಕೂಡಿಸಿ, ನಾಳೆ ಭೋಜನ ಇದೆ ಎಂದು ಹೇಳಿ ಬರುವುದು ವಾಡಿಕೆ. ಮೊದಲ ಮೂರು ವರ್ಷ ದೊಡ್ಡಮಾದಪ್ಪ ಅವಳ ಮನೆ ಬಿಟ್ಟು ಮುಂದಕ್ಕೆ ಹೋಗುತ್ತಿದ್ದ. ಒಂದು ಶನಿವಾರ ಇದ್ದಕ್ಕಿದ್ದಂತೆ ಬಂದು ಜಗಲಿಯ ಮೇಲೆ ಕೂತ.

"ಕಾಪಿ ಕಾಸವ್ವ," ಎಂದ.

ಕಾಸಿದಳು. ಕುಡಿದ. ಮೂರ್ತಿಯ ಶಾಲೆ ವಿಚಾರಿಸಿದ. ಸೋರುತ್ತಿದ್ದ ಹಂಚನ್ನು ನೋಡಿ, ಮರುದಿನ ಏಣಿ ತಂದು ತಾನೇ ಹತ್ತಿ ಸರಿಮಾಡಿದ. ಆಮೇಲೆ ತಿಂಗಳಿಗೊಂದು ಶನಿವಾರ ತಪ್ಪಲಿಲ್ಲ. ಮಂಡಿ ನೋವು ಬಂದ ಮೇಲೂ ದೀಪಳ ಸ್ಕೂಟರಿನ ಹಿಂದೆ ಕೂತು ಬಂದ. ಎದ್ದು ಹೋಗುವಾಗ ಪ್ರತಿ ಸಲ ಒಂದು ಕ್ಷಣ ನಿಲ್ಲುತ್ತಿದ್ದ. ಬಾಯಿ ತೆರೆದು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಬತ್ತೀನಿ" ಎನ್ನುತ್ತಿದ್ದ.

ಒಂದೇ ಒಂದು ಸಲ, ಕಳೆದ ಮಳೆಗಾಲದಲ್ಲಿ, ಅವಳೇ ಕೇಳಿದ್ದಳು. "ಏನೋ ಯೋಳಕ ಬತ್ತೀಯ, ಯೋಳ್ದೆ ಓಯ್ತೀಯ. ಏನಣ್ಣ ಅದು?"

"ಹಿರಿಯ ತಪ್ಪಿದ ಅಂದ್ರ ನಾಳೆ ಯಾವನ್ಗ ಬುದ್ಧಿ ಯೋಳಕಾಯ್ತದೆ ಬಸಮ್ಮ? ಕುರಿ ಕಾಯೋನೇ ದಾರಿ ತಪ್ಪಿದ ಅಂತ ಗೊತ್ತಾದ್ರ ಮಂದೆ ನಿಂತದಾ?" ಎಂದಿದ್ದ ಅವನು. ಅವಳಿಗೆ ಕೇಳುವಂತೆ ಅಲ್ಲ, ಬೀದಿಗೆ ಹೇಳುವಂತೆ.

*

"ಯಾಕತ್ತೆ ಸುಮ್ನಾದ್ರಿ?" ಎಂದಳು ದೀಪ. "ಅವ್ರೂ ಸಂಕಟ ಪಟ್ರು ಅಂತ ಯೋಳ್ದಿ, ಅಷ್ಟೇಯ."

"ಪಟ್ಟ ಕಣವ್ವ, ನಂಗೊತ್ತು." ಪುಟ್ಟಬಸಮ್ಮ ಕೈ ಒರೆಸಿಕೊಂಡಳು. "ನಾನು ಹಸ್ಕಂಡಿವ್ನಿ ಅಂತ ಅಂವನೂ ಹಸ್ಕಂಡ್ರ ನನ್ನ ಹೊಟ್ಟೆ ತುಂಬ್ತದಾ?"

ಮೂರು ಗಂಟೆಗೆ ಪೆಟ್ಟಿಗೆಯನ್ನು ಚರ್ಚಿಗೆ ತಂದು ಮುಂದೆ ಎರಡು ಬೆಂಚಿನ ಮೇಲೆ ಇಟ್ಟರು. ಪುಟ್ಟಬಸಮ್ಮ ಹಿಂದಿನ ಚಾಪೆಯ ಮೇಲೆ ಕೂತಳು. ಹಾಡಾಯಿತು, ವಾಕ್ಯ ಓದಿದ್ದಾಯಿತು. ಅಯ್ಯನವರು ದೊಡ್ಡಮಾದಪ್ಪನನ್ನು ಮಂದೆ ಕಾಯುವ ನಂಬಿಗಸ್ತ ಕುರುಬನೆಂದು ಕರೆದರು. ಅದು ಸುಳ್ಳಲ್ಲ ಎಂದು ಅವಳಿಗೂ ಅನ್ನಿಸಿತು. ಹಂಚು ಸರಿಮಾಡಲು ಏಣಿ ಹತ್ತಿದ್ದ ಅವನ ಒಡೆದ ಹಿಮ್ಮಡಿ ನೆನಪಾಯಿತು.

ಕೊನೆಗೆ ನಾಲ್ವರು ಗಂಡಸರು ಮುಚ್ಚಳವನ್ನು ಎತ್ತಿ ಪೆಟ್ಟಿಗೆಯ ಮೇಲೆ ಹಿಡಿದರು. ಮುಚ್ಚುವ ಮುಂಚೆ ಹಿರಿಯರೊಬ್ಬರು ಒಂದು ಮಾತು ಕೇಳುವುದು ಇಲ್ಲಿನ ಪದ್ಧತಿ. ಯಾರೂ ಏನೂ ಹೇಳದಿರುವುದೂ ಪದ್ಧತಿಯೇ. ಯೋಹಾನಪ್ಪ ಕೋಲೂರಿ ಎದ್ದರು.

"ಈ ನಮ್ಮಣ್ಣನ ಮ್ಯಾಲೆ ಯಾರ್ಗಾರ ಏನಾರ ಮನಸ್ತಾಪ ಇದ್ರ ಇಲ್ಲೇ ಇಳ್ಸಿ. ಮಣ್ಣಿಗ ಕಳುಸ್ಬೇಡಿ."

ಹಿಂದೆ ಚಾಪೆ ಸರಿದ ಸದ್ದಾಯಿತು. ಪುಟ್ಟಬಸಮ್ಮ ನಡುವಿನ ದಾರಿಯಲ್ಲಿ ನಡೆದು ಬಂದಳು. ಹದಿನಾಲ್ಕು ವರ್ಷದಲ್ಲಿ ಅವಳು ಅಷ್ಟು ಮುಂದಕ್ಕೆ ಬಂದಿರಲಿಲ್ಲ. ಪೆಟ್ಟಿಗೆಯಲ್ಲಿ ದೊಡ್ಡಮಾದಪ್ಪನ ತಲೆ ಹತ್ತಿಯ ಮೇಲೆ ಸ್ವಲ್ಪ ವಾಲಿತ್ತು. ಬಗ್ಗಿ ಅದನ್ನು ನೇರ ಮಾಡಿದಳು.

"ಮಾದಪ್ಪಣ್ಣನ ಮ್ಯಾಲೆ ನನ್ಗೇನೂ ಇಲ್ಲ," ಎಂದಳು. ಯೋಹಾನಪ್ಪ ಉಸಿರು ಬಿಟ್ಟರು. ಅವಳು ಅವರ ಕಡೆ ತಿರುಗಿದಳು. ದನಿ ಸಣ್ಣದಿತ್ತು, ಆದರೆ ಕಿಟಕಿಯ ಆಚೆ ನಿಂತಿದ್ದ ಮೂರ್ತಿಗೂ ಕೇಳಿಸಿತು.

"ಯೋವಾನಣ್ಣ, ನಾನು ಬೆಟ್ಟಕ್ಕ ಓಗಿರ್ನಿಲ್ಲ ಅಂತ ಎಲ್ರಿಗೂ ಒಂದು ಮಾತು ಯೋಳಿ."

ಯೋಹಾನಪ್ಪ ಕೋಲಿನ ಹಿಡಿಯನ್ನೇ ನೋಡುತ್ತಿದ್ದರು. ಅಯ್ಯನವರು ಪುಸ್ತಕ ಮುಚ್ಚಿದರು. ಮುಚ್ಚಳ ಹಿಡಿದಿದ್ದ ನಾಲ್ವರು ಇಳಿಸಲೂ ಆಗದೆ, ಹಿಂದಕ್ಕೆ ಒಯ್ಯಲೂ ಆಗದೆ ಹಾಗೇ ನಿಂತರು. ಭಾರಕ್ಕೆ ಅವರ ತೋಳುಗಳು ನಡುಗತೊಡಗಿದ್ದವು.