ಒಟ್ಟಿಗೆ ಮಗುಚಿದ ಎರಡು ಪುಟ

ಎಲ್ಲಿಂದ ಶುರು ಮಾಡಲಿ? ಹಪ್ಪಳದಿಂದ ಮಾಡಿದರೆ ಅಡುಗೆ ಪುಸ್ತಕ ಅಂದುಕೊಳ್ಳುತ್ತೀರಿ. ದಾಕ್ಷಾಯಣಮ್ಮನವರಿಂದ ಮಾಡಿದರೆ ಅವರು ಬೈಯುತ್ತಾರೆ. ನನ್ನಿಂದಲೇ ಮಾಡುತ್ತೇನೆ, ಬೈಯುವುದಿದ್ದರೆ ನೀವು ಬೈಯಿರಿ.

ನಾನು ರಮಾಮಣಿ. ಶ್ರೀರಾಂಪುರದಲ್ಲಿ ಹಪ್ಪಳದ ವ್ಯಾಪಾರ. ಕಥೆ ಬರೆಯುವುದು ಇದೇ ಮೊದಲು. ಹಿಟ್ಟು ಹದಕ್ಕೆ ಬಂದದ್ದು ಬೆರಳಿಗೆ ಗೊತ್ತಾಗುತ್ತದೆ. ಕಥೆ ಹದಕ್ಕೆ ಬಂದದ್ದು ಯಾವುದಕ್ಕೆ ಗೊತ್ತಾಗುತ್ತದೋ ತಿಳಿಯದು.

೧. (ಮೊದಲ ಡ್ರಾಫ್ಟ್)

ನಾನು ಚಿಕ್ಕವಳಿದ್ದಾಗ ಯಾದವಗಿರಿಯ ಒಂದು ಮನೆಯ ಹಜಾರದಲ್ಲಿ ಆರೇಳು ಹೆಂಗಸರು ಹಪ್ಪಳ ಲಟ್ಟಿಸುತ್ತಿದ್ದರು. ನನ್ನಮ್ಮ ಸರೋಜಮ್ಮನೂ ಅವರಲ್ಲೊಬ್ಬಳು. ಮನೆಯೊಡತಿ ದಾಕ್ಷಾಯಣಮ್ಮ ಕುರ್ಚಿ ಹಾಕಿಕೊಂಡು ವಾರಪತ್ರಿಕೆಯ ಧಾರಾವಾಹಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಓದು ನಡೆದಷ್ಟು ಹೊತ್ತು ಲಟ್ಟಣಿಗೆಯೂ ನಡೆಯುತ್ತಿತ್ತು. ಅಂಗಳದಲ್ಲಿ ಒಣಗುವ ಹಪ್ಪಳಕ್ಕೆ ಕಾಗೆ ಬಾರದಂತೆ ಬಾಗಿಲಲ್ಲಿ ಕೂತು ಕಾಯುವುದು ನನ್ನ ಕೆಲಸ. ಕಣ್ಣು ಕಾಗೆಯ ಮೇಲೆ, ಕಿವಿ ಕಥೆಯ ಮೇಲೆ.

ಅಳುವಂಥದ್ದು ಬಂದರೆ ದಾಕ್ಷಾಯಣಮ್ಮ ಪುಟ ಹಾರಿಸಿಬಿಡುತ್ತಿದ್ದರು. ಹೆಂಗಸರು ಅಳುತ್ತ ಕೂತರೆ ಕೈ ನಿಲ್ಲುತ್ತದೆ, ಹಿಟ್ಟು ಒಣಗುತ್ತದೆ. ಕಥಾನಾಯಕಿ ವಾರಿಜಳ ಗಂಡ ಒಂದು ವಾರ ಜ್ವರದಲ್ಲಿ ಮಲಗಿದ್ದ. ಮುಂದಿನ ವಾರ ವಾರಿಜ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು, ಗಂಡ ಎಲ್ಲೂ ಇರಲಿಲ್ಲ. ಯಾರೂ ಕೇಳಲಿಲ್ಲ. ನಾನು ಕೇಳಿದೆ.

"ಊರಿಗೆ ಹೋಗಿದಾನೆ ಕಣೇ. ನೀನು ಕಾಗೆ ನೋಡು," ಅಂದರು ದಾಕ್ಷಾಯಣಮ್ಮ.

ನಮ್ಮಪ್ಪ ಎಲ್ಲಿ ಅಂತ ಕೇಳಿದಾಗ ಮನೆಯಲ್ಲಿ ಹೇಳಿದ್ದೂ ಅದೇ ಮಾತು.

೨. (ಎರಡನೆಯ ಡ್ರಾಫ್ಟ್. ಇದರಲ್ಲಿ ದಾಕ್ಷಾಯಣಮ್ಮ ಪುಟ ಹಾರಿಸಿದ್ದು ಹಿಟ್ಟಿಗಾಗಿ ಅಲ್ಲ, ಎದುರಿಗೆ ಕೂತಿದ್ದ ನನ್ನಮ್ಮನಿಗಾಗಿ.)

ಇದನ್ನು ಬರೆದು ಅವರಿಗೇ ಓದಿ ಹೇಳಿದೆ. ಈಗ ಅವರಿಗೆ ಕಣ್ಣು ಕಾಣುವುದಿಲ್ಲ. ಪ್ರತಿ ಬುಧವಾರ ಹೋಗಿ ನಾನೇ ಏನಾದರೂ ಓದುತ್ತೇನೆ. ಅವರ ಸೊಸೆ ಶಿಲ್ಪಶ್ರೀ ಕಾಫಿ ಕೊಡುತ್ತಾಳೆ.

"ನನ್ನ ಯಾಕೆ ಇಷ್ಟೊಂದು ಒಳ್ಳೇವ್ಳು ಮಾಡ್ಬುಟ್ಟಿದೀಯ? ಹೊಡೆದಾಕು. ಹಿಟ್ಟು ಒಣಗ್ತಿತ್ತು, ಅಷ್ಟೇ."

"ಕಥೆ ನಂದು, ಅಮ್ಮಾವ್ರೆ."

"ಹಪ್ಪಳ ನಂದು ಕಣಮ್ಮ."

ಹೊಡೆದುಹಾಕಿದೆ. (ನೀವು ಆಗಲೇ ಓದಿಬಿಟ್ಟಿರಿ, ನಾನೇನು ಮಾಡಲಿ?)

೩. ಹಾಗೆ ಕೇಳಿ ಬೆಳೆದವಳ ಓದು ಹೇಗಿರುತ್ತದೆ? ಕೈ ಸುಮ್ಮನಿದ್ದರೆ ನನಗೆ ಅಕ್ಷರ ತಲೆಗೆ ಹತ್ತುವುದಿಲ್ಲ. ಅವರೆಕಾಯಿ ಬಿಡಿಸುತ್ತ, ಬಾಯಿಬಿಟ್ಟು ಓದಬೇಕು. ದುಃಖದ ವಾಸನೆ ಬಂದರೆ ಬೆರಳು ತಾನಾಗಿ ಎರಡು ಪುಟ ಹಿಡಿಯುತ್ತದೆ. ಅಮ್ಮನ ಶ್ರದ್ಧಾಂಜಲಿ ಪೇಪರಿನಲ್ಲಿ ಬಂದ ದಿನವೂ ಆ ಪುಟವನ್ನು ಮಗುಚಿದೆ. ಫೋಟೊ ಕೊಟ್ಟು ಹಾಕಿಸಿದವಳು ನಾನೇ.

೪. ಹೋದ ಬುಧವಾರ ದಾಕ್ಷಾಯಣಮ್ಮ ಆ ಹಳೆಯ ಧಾರಾವಾಹಿಯನ್ನೇ ಬೀರುವಿನಿಂದ ತೆಗೆಸಿದರು. ಕಂತುಗಳನ್ನು ಕತ್ತರಿಸಿ ಬೈಂಡ್ ಮಾಡಿಸಿಟ್ಟಿದ್ದರು.

"ಗಂಡ ಹೋದಾಗ ವಾರಿಜ ಏನ್ ಮಾಡಿದ್ಲು, ಓದು."

"ನಿಮಗೆ ಗೊತ್ತಿಲ್ವಾ?"

"ಹಾರಿಸಿದೋಳಿಗೆ ಹೇಗ್ ಗೊತ್ತಿರುತ್ತೆ? ಒಬ್ಬಳೇ ಓದೋಕೆ ಧೈರ್ಯ ಬರ್ಲಿಲ್ಲ. ಈಗ ನೀನಿದೀಯ."

ಇಲ್ಲಿಗೆ ಮುಕ್ತಾಯಗಳು ಬೇಕಾದಷ್ಟಿವೆ. ನಾನು ಓದುತ್ತೇನೆ, ಇಬ್ಬರೂ ಅಳುತ್ತೇವೆ (ಟಿವಿಯವರಿಗೆ ಕೊಡಬಹುದು). ಗಂಡನಿಗೆ ಜ್ವರ ಬಿಟ್ಟಿತು ಅಂತ ನಾನೇ ಕಟ್ಟಿ ಹೇಳುತ್ತೇನೆ (ಕಣ್ಣು ಕಾಣದವರಿಗೆ ಮೋಸ). ಕಾಫಿ ಬರುತ್ತದೆ, ಮಾತು ಮರೆತುಹೋಗುತ್ತದೆ (ನನಗೆ ಇಷ್ಟವಾದದ್ದು ಇದು).

ಆದದ್ದು ಬೇರೆ. 'ಆ ಸಂಜೆ ಡಾಕ್ಟರು ಕೈಚೀಲ ಮುಚ್ಚಿ ಎದ್ದು ನಿಂತರು' ಅನ್ನುವವರೆಗೆ ಓದಿದೆ. ಬೆರಳು ತನ್ನ ಕೆಲಸ ಮಾಡಿತು. ವಾರಿಜ ಶಾಲೆಯಲ್ಲಿದ್ದಳು. ದನಿ ಬದಲಿಸದೆ ಓದುತ್ತ ಹೋದೆ.

"ರಮಾ," ಅಂದರು ದಾಕ್ಷಾಯಣಮ್ಮ. "ಎರಡು ಪುಟ ಒಟ್ಟಿಗೆ ಮಗುಚಿದ ಸದ್ದು ನಂಗೊತ್ತಾಗಲ್ವೇನೇ? ಹಿಂದಕ್ಕೆ ಬಾ."

೫. ಹಿಂದಕ್ಕೆ ಬಂದಿದ್ದೇನೆ. ಪುಟ ತೆರೆದಿದೆ. ಇನ್ನೊಮ್ಮೆ ಜಾರೀತೆಂದು ಅವರು ನನ್ನ ಬೆರಳನ್ನು ಹಿಡಿದುಕೊಂಡಿದ್ದಾರೆ. ಶಿಲ್ಪಶ್ರೀ ಯಾಕೋ ಇನ್ನೂ ಕಾಫಿ ತಂದಿಲ್ಲ. ಅಂಗಳದಲ್ಲಿ ಕಾಗೆಯೊಂದು ಕೂಗುತ್ತಿದೆ. ಕಾಯಲು ಅಲ್ಲಿ ಹಪ್ಪಳವಿಲ್ಲ.

(ಮುಂದೇನಾಯಿತು ಅಂತ ಕೇಳುತ್ತೀರಿ. ಊರಿಗೆ ಹೋಗಿದಾನೆ ಅಂತ ಬಾಯಿಗೆ ಬರುತ್ತದೆ. ಅನ್ನುವುದಿಲ್ಲ.)