ನೀಲಿ ಹೊದಿಕೆಯ ತಾಯಿ

ಫ್ಲಾರೆನ್ಸಿನ ಚಿತ್ರಶಾಲೆಯ ಹಳೆಯ ವರ್ಣಚಿತ್ರಗಳ ಫೋಟೋ ತೆಗೆದು ಮಾರುವುದು ಒತ್ತಾವಿಯೊನ ಕಸುಬು. ಅವನ್ನು ತಾರಸಿಯ ಬಿಸಿಲಿಗಿಟ್ಟು ಕಾಗದದ ಮೇಲೆ ಮೂಡಿಸುವುದು, ರಟ್ಟಿಗೆ ಅಂಟಿಸುವುದು ತಂಗಿ ಎರ್ಸೀಲಿಯಾಳ ಪಾಲಿನ ಕೆಲಸ.

ಒಂದು ಬೆಳಿಗ್ಗೆ ಗುಡ್ಡದ ಕಡೆಯ ಹಳ್ಳಿಯಿಂದ ನುನ್ಸಿಯಾತಾ ಎಂಬ ಮುದುಕಿ ಬಂದಳು. ಹುಲ್ಲಿನ ಟೋಪಿ ಹೆಣೆದು ಬದುಕುವವಳು. ಹಿಂದೆ ಸರ್ಕಾರ ಕ್ರೈಸ್ತ ಮಠಗಳನ್ನು ಮುಚ್ಚಿಸಿದಾಗ ಅವಳೂರಿನ ಮಠಕ್ಕೆ ಸೇರಿದ ಇಗರ್ಜಿಯಲ್ಲಿದ್ದ ಮೇರಿಮಾತೆಯ ಚಿತ್ರವನ್ನೂ ಗಾಡಿಗೆ ಹೇರಿ ಪಟ್ಟಣಕ್ಕೆ ತಂದಿದ್ದರು. ಅಂದಿನಿಂದ ಆ ಗೋಡೆ ಬರಿದು. ಫೋಟೋವಾದರೂ ಸಿಕ್ಕರೆ ಸಾಕೆಂದು ಬಂದಿದ್ದಳು.

ಎರ್ಸೀಲಿಯಾ ಕೊಟ್ಟ ಫೋಟೋವನ್ನು ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿದಳು.

“ಇವಳು ನಮ್ಮ ತಾಯಿ ಅಲ್ಲ ಕಣಮ್ಮ. ನಮ್ಮ ತಾಯಿ ನೀಲಿ ಹೊದ್ಕೊಂಡಿದ್ಲು. ಇವಳ್ಯಾರೋ ಬಿಳೀದು ಹೊದ್ದವಳು.”

ಫೋಟೋ ತೆಗೆಯುವ ಗಾಜಿಗೆ ಹಚ್ಚುವ ಮದ್ದಿಗೆ ನೀಲಿಯೂ ಬಿಳಿಯೂ ಒಂದೇ, ಅದಕ್ಕೆ ಯಾರೇನು ಮಾಡಲಾದೀತು ಎಂದು ಒತ್ತಾವಿಯೊ ಒಳಗಿಂದಲೇ ಸಮಜಾಯಿಷಿ ಕೊಟ್ಟ. ಅದು ಮುದುಕಿಯ ತಲೆಗೆ ಹೋಗಲಿಲ್ಲ. ಎರ್ಸೀಲಿಯಾ ಶಾಲು ಹೊದ್ದು ಅವಳನ್ನು ಚಿತ್ರಶಾಲೆಗೆ ಕರೆದೊಯ್ದಳು.

ಚಿನ್ನದ ಚೌಕಟ್ಟಿನೊಳಗೆ ತಾಯಿ ಇದ್ದಳು. ನುನ್ಸಿಯಾತಾ ಮಂಡಿಯೂರಲಿಲ್ಲ, ಅಳಲೂ ಇಲ್ಲ. ತವರಿಗೆ ಬಂದ ಮಗಳು ಅಮ್ಮನಿಗೆ ಒಪ್ಪಿಸುವ ಹಾಗೆ ಊರಿನ ಸುದ್ದಿಯನ್ನೆಲ್ಲ ಮೆಲ್ಲಗೆ ಹೇಳತೊಡಗಿದಳು: ಯಾರ ಮನೆಯಲ್ಲಿ ತೊಟ್ಟಿಲು ತೂಗಿತು, ಯಾರು ಮಣ್ಣಾದರು, ತನ್ನ ಗಂಡ ಜ್ವರದಲ್ಲಿ ಹೇಗೆ ತೀರಿಕೊಂಡ. ಎರ್ಸೀಲಿಯಾ ಆ ನೀಲಿಯನ್ನು ಕಣ್ತುಂಬಿಕೊಂಡಳು.

ಮುದುಕಿಯೊಂದಿಗೆ ಮನೆಗೆ ಬಂದವಳೇ ಕುಂಚ ಹಿಡಿದಳು.

“ಫೋಟೋಗೆ ಬಣ್ಣ ಬಳಿದ್ರೆ ಸಂತೇಲಿ ಮಾರೋ ಪಟ ಆಗುತ್ತೆ ಅಷ್ಟೆ,” ಎಂದ ಅಣ್ಣ.

“ನಿನ್ನ ಮದ್ದು ಹೇಳಿರೋ ಸುಳ್ಳನ್ನ ತಿದ್ತಾ ಇದೀನಿ. ನೀನು ಸುಮ್ನಿರು.”

“ಮುಖ ಮಾತ್ರ ಮುಟ್ಬೇಡ ಕಣಮ್ಮ,” ಎಂದಳು ಮುದುಕಿ.

ಎರ್ಸೀಲಿಯಾ ಮುಟ್ಟಲಿಲ್ಲ.

ಚೆಸ್ಟ್‌ನಟ್ ಕಾಯಿ ಉದುರುವ ಶರತ್ಕಾಲಕ್ಕೆ ಆ ಹಳ್ಳಿಯಿಂದ ಕರೆ ಬಂತು, ಹೋದಳು. ಇಗರ್ಜಿಯಲ್ಲಿ ಹಳೆಯ ಚಿತ್ರ ಎತ್ತರದಲ್ಲಿ, ಮೇಣದಬತ್ತಿಯ ಹೊಗೆಯಲ್ಲಿ ಮಸುಕಾಗಿ ಇರುತ್ತಿತ್ತಂತೆ. ಈಗಿನದನ್ನು ಕೈಗೆಟಕುವ ಹಾಗೆ ತೂಗುಹಾಕಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಬಾಗಿ ನೋಡುತ್ತಿದ್ದರು. ಪಟದೊಳಗಿನ ಮಗು ತಾಯಿಯ ಹೆಬ್ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

“ನಮ್ಮಜ್ಜಿ ಕಾಲದಿಂದ ಕೈಮುಗೀತಿದ್ವಿ. ಇದನ್ನ ಯಾರೂ ನೋಡೇ ಇರ್ಲಿಲ್ಲ,” ಎಂದಳು ನುನ್ಸಿಯಾತಾ.

ಆಮೇಲೆ ಎರ್ಸೀಲಿಯಾಳನ್ನು ಒಲೆಯ ಪಕ್ಕ ಕೂರಿಸಿ, ಚೆಸ್ಟ್‌ನಟ್ ಹಿಟ್ಟಿನ ಬಿಸಿ ರೊಟ್ಟಿ ಕೊಟ್ಟು, ಪಕ್ಕದೂರಿನವರೂ ತಮ್ಮ ಸಂತನ ಬಣ್ಣದ ಪಟ ಕೇಳಿಕೊಂಡು ಬರಲಿದ್ದಾರೆಂದು ತಿಳಿಸಿದಳು. ಅವನ ಅಂಗಿ ಯಾವ ಬಣ್ಣದ್ದೆಂದು ಅಲ್ಲಿ ಈಗಲೇ ಜಗಳ ಹತ್ತಿತ್ತಂತೆ.