ಸಾಹೇಬನ ಹೊಟ್ಟೆ

ಮುನ್ನೂರು ಹುಡುಗಿಯರಿಗೆ ದಿನವೂ ಎರಡು ಹೊತ್ತು ಬೇಯಿಸಿ ಹಾಕುವವಳು ನಾನು. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಸವೆಸಿದ್ದೇನೆ. ನನ್ನ ಕೈಯೂಟ ಉಂಡು ಒಬ್ಬಳೂ ಹೊಟ್ಟೆ ಹಿಡಿದುಕೊಂಡು ಮಲಗಿದ್ದಿಲ್ಲ. ಅಂಥ ನನ್ನ ಹೆಸರನ್ನು ಒಂದು ಕಿಲೋ ತೂಗುವ ಪ್ರಾಣಿಯೊಂದು ಹನ್ನೆರಡೇ ದಿನದಲ್ಲಿ ಮೂರಾಬಟ್ಟೆ ಮಾಡಿತು.

ಮಗಳ ಮನೆಗೆ ಬಣ್ಣ ಹೊಡೆಸುತ್ತಿದ್ದರು. ಬಣ್ಣದ ವಾಸನೆ ಅವಳ ಮನೆಯ ಎರಡು ಗಿನಿಪಿಗ್‌ಗಳಿಗೆ ಆಗುವುದಿಲ್ಲವಂತೆ. ಎರಡು ವಾರದ ಮಟ್ಟಿಗೆ ಅವನ್ನು ಗೂಡು ಸಮೇತ ತಂದು ನಮ್ಮ ನಡುಮನೆಯಲ್ಲಿಟ್ಟು ಹೋದಳು. ಎಂಟು ವರ್ಷದ ಮೊಮ್ಮಗಳು ತಾನೇ ಬರೆದ ಚೀಟಿಯೊಂದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು:

‘ಅಜ್ಜಿ, ಒಣಹುಲ್ಲು ಯಾವಾಗ್ಲೂ ಇರಬೇಕು. ಸೊಪ್ಪು ಒಂದೇ ಹಿಡಿ. ದೊಣ್ಣೆಮೆಣಸಿನಕಾಯಿ ಒಂದೇ ಚೂರು. ಬ್ರೆಡ್ಡು, ಬಿಸ್ಕತ್ತು, ಅನ್ನ, ಕೋಸು ಕೊಡಲೇಬಾರದು. ಕಂದು ಬಣ್ಣದವನ ಹೊಟ್ಟೆ ತುಂಬಾ ನಾಜೂಕು. ಅವನು ತಿನ್ನೋದು ನಿಲ್ಲಿಸಿದ್ರೆ ಸತ್ತೇಹೋಗ್ತಾನೆ. ನಿನಗೆ ಅಡುಗೆ ಚೆನ್ನಾಗಿ ಬರತ್ತಲ್ಲ, ಅದಕ್ಕೇ ನಿನ್ ಹತ್ರ ಬಿಡ್ತಿದೀನಿ.’

ಕೊನೆಯ ಸಾಲು ಓದಿ ನನಗೆ ಕೋಡು ಮೂಡಿತು. ಹುಲ್ಲು ಹಾಕುವುದಕ್ಕೆ ಇಷ್ಟು ದೊಡ್ಡ ಚೀಟಿ ಬೇಕೇ ಎಂದು ನಗುವೂ ಬಂತು. ಹೆಸರಿಗೇನೋ ಹಂದಿ. ನಿಜವಾದ ಹಂದಿಯಾಗಿದ್ದರೆ ಕೊಟ್ಟಿದ್ದೆಲ್ಲ ತಿಂದು ತನ್ನ ಪಾಡಿಗೆ ತಾನು ಬಿದ್ದಿರುತ್ತಿತ್ತು.

ನಮ್ಮ ಯಜಮಾನರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದವರು. ಪ್ರಾಣಿಗಳು ಬಂದ ದಿನವೇ ಅವರು ಎರಡಕ್ಕೂ ಹೆಸರಿಟ್ಟರು. ಕಂದು ಬಣ್ಣದ್ದು ಇಡೀ ದಿನ ಒಂದೇ ಮೂಲೆಯಲ್ಲಿ ಕೂತು ಸುತ್ತಲವರನ್ನು ಅಸಮಾಧಾನದಿಂದ ನೋಡುತ್ತಿತ್ತು, ಅದು ಸಾಹೇಬ. ಕಪ್ಪು ಬಿಳುಪಿನದು ಆ ಮೂಲೆಯಿಂದ ಈ ಮೂಲೆಗೆ ಸುಮ್ಮನೆ ಓಡಾಡುತ್ತಿತ್ತು; ಅದು ಗುಮಾಸ್ತ.

ಮೂರು ದಿನ ಎಲ್ಲ ಸರಿಯಿತ್ತು. ಗೂಡಿನ ಜೊತೆ ಬಂದಿದ್ದ ಸಣ್ಣ ಚೀಲದ ಹುಲ್ಲು ಮುಗಿಯಿತು, ನಾಲ್ಕನೇ ದಿನ ಮಗಳು ಇಟ್ಟುಹೋಗಿದ್ದ ದೊಡ್ಡ ಕಟ್ಟನ್ನು ಬಿಚ್ಚಿದೆ. ಅಬ್ಬಬ್ಬಾ, ಏನು ಧೂಳು! ಎರಡು ಸಲ ಸೀನಿದೆ. ನನ್ನ ಅಡುಗೆಮನೆಗೆ ಬಂದ ಯಾವ ಪದಾರ್ಥವೂ ಮೂರು ನೀರು ಕಾಣದೆ ಮುಂದೆ ಹೋಗುವುದಿಲ್ಲ. ಅಕ್ಕಿಯಾಗಲಿ, ಸೊಪ್ಪಾಗಲಿ, ಕೊನೆಗೆ ನನ್ನ ಏಪ್ರನ್ ಆಗಲಿ, ಮೂರು ನೀರು. ಹುಲ್ಲಿಗೂ ಅದೇ ಮರ್ಯಾದೆ ಮಾಡಿದೆ. ತೊಳೆದು, ಹಿಂಡಿ, ಮುಚ್ಚಳವಿರುವ ದೊಡ್ಡ ಸ್ಟೀಲ್ ಡಬ್ಬದಲ್ಲಿ ಒತ್ತಿ ತುಂಬಿಟ್ಟೆ. ಸೊಪ್ಪನ್ನು ಇಡುವುದೂ ಹಾಗೆಯೇ, ಅದು ಬಾಡುವುದಿಲ್ಲ.

ಆರನೇ ದಿನ ಸಾಹೇಬನ ಹಿಕ್ಕೆ ಮೆತ್ತಗಾಯಿತು. ಏಳನೇ ದಿನ ಅದನ್ನು ಹಿಕ್ಕೆ ಎನ್ನುವ ಹಾಗೂ ಇರಲಿಲ್ಲ.

ನಾನು ತಪ್ಪು ಮಾಡಿರಲು ಸಾಧ್ಯವಿಲ್ಲ. ಚೀಟಿಯಲ್ಲಿದ್ದದ್ದನ್ನು ಅಕ್ಷರ ಬಿಡದೆ ಪಾಲಿಸಿದ್ದೆ. ಗುಮಾಸ್ತನಿಗೆ ಅಂಥ ಬುದ್ಧಿಯಿಲ್ಲ. ಮನೆಯಲ್ಲಿ ಇನ್ನು ಉಳಿದವರು ಒಬ್ಬರೇ. ಬಸ್ ನಿಲ್ದಾಣದ ನಾಯಿಗೆ ಬನ್ನು ಮುರಿದು ಹಾಕುವವರು, ಕಿಟಕಿಗೆ ಬರುವ ಗುಬ್ಬಿಗಳಿಗೆ ತಮ್ಮ ತಟ್ಟೆಯ ಅನ್ನ ಉದುರಿಸುವವರು. ಪ್ರಾಣಿ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ.

“ರೀ, ಸಾಹೇಬನಿಗೆ ಏನು ಕೊಟ್ರಿ?”

“ನಾನ್ಯಾಕೆ ಕೊಡ್ಲಿ? ಚೀಟಿ ನಾನೂ ಓದಿದೀನಿ.”

“ಮುಖ ನೋಡಿ ಹೇಳಿ.”

“ಏನೂ ಕೊಟ್ಟಿಲ್ಲ ಕಣೇ.”

ಇವರ ‘ಇಲ್ಲ’ದ ಬೆಲೆ ನನಗೆ ಗೊತ್ತು. ಹನ್ನೆರಡು ವರ್ಷದ ಹಿಂದೆ ನಮ್ಮಮ್ಮನ ಓಲೆ ಕಳೆದಾಗಲೂ ಹೀಗೆಯೇ ಆಗಿತ್ತು. ಎರಡನ್ನೂ ಬಚ್ಚಲಿನ ಕನ್ನಡಿಯ ಕೆಳಗೆ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಒಂದೇ ಇತ್ತು. ಇವರು ಅಲ್ಲಿಯೇ ನಿಂತು ಗಡ್ಡ ಹೆರೆದುಕೊಂಡಿದ್ದರು. ಮೂರು ದಿನ ‘ನಾನು ನೋಡೇ ಇಲ್ಲ’ ಎಂದು ವಾದಿಸಿ, ನಾಲ್ಕನೇ ದಿನ ‘ಹೌದು, ನನ್ನ ಕೈ ತಾಗಿ ಬೇಸಿನ್‌ಗೆ ಬಿದ್ದಿರಬೇಕು’ ಎಂದು ಒಪ್ಪಿಕೊಂಡರು. ಅಮ್ಮನದು ಎಂದು ನನ್ನ ಹತ್ತಿರ ಇದ್ದದ್ದು ಆ ಜೊತೆ ಒಂದೇ. ಅದನ್ನು ನಾನು ಮರೆತಿಲ್ಲ, ಇವರಿಗೂ ಮರೆಯಲು ಬಿಟ್ಟಿಲ್ಲ.

ಪ್ರಾಣಿಗಳ ಡಾಕ್ಟರಮ್ಮ ನಮ್ಮ ಮಗಳಿಗಿಂತ ಚಿಕ್ಕವಳು. ಸಾಹೇಬನ ಹೊಟ್ಟೆ ಒತ್ತಿ ನೋಡಿದಳು.

“ಹೊಸದಾಗಿ ಏನಾದ್ರೂ ಕೊಟ್ರಾ ಅಮ್ಮಾ?”

“ಇಲ್ಲ.”

“ಮನೇಲಿ ಬೇರೆ ಯಾರಾದ್ರೂ?”

ನಾನು ಇವರ ಕಡೆ ತಿರುಗಿದೆ ಅಷ್ಟೆ. ಇವರು ಗೋಡೆಯ ಮೇಲಿದ್ದ ಬೆಕ್ಕಿನ ಲಸಿಕೆಯ ಪಟ್ಟಿಯನ್ನು ಓದತೊಡಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಡಾಕ್ಟರಮ್ಮ ಒಂದು ಪುಡಿ ಕೊಟ್ಟು, “ಎರಡು ದಿನ ಸೊಪ್ಪು, ತರಕಾರಿ ಏನೂ ಬೇಡ. ಬರೀ ಒಣಹುಲ್ಲು, ಹೊಟ್ಟೆ ತುಂಬ,” ಎಂದಳು.

ಹೊಟ್ಟೆ ತುಂಬವೇ ಹಾಕಿದೆ. ದಿನಕ್ಕೆ ನಾಲ್ಕು ಸಲ ಡಬ್ಬ ತೆಗೆದು ಗೂಡಿನೊಳಗಿನ ಹುಲ್ಲಿನ ಜಾಲರಿ ತುಂಬಿಸಿದೆ. ಸಾಹೇಬ ಮೂಸಿ ಮುಖ ತಿರುಗಿಸುತ್ತಿದ್ದ. ಆಮೇಲೆ ಹಸಿವು ತಾಳದೆ ನಾಲ್ಕು ಎಳೆ ತಿನ್ನುತ್ತಿದ್ದ. ಭೇದಿ ಹೆಚ್ಚಾಯಿತು. ಹಾಸ್ಟೆಲ್ಲಿನಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದು, ಕಾಲು ಚಾಚುವ ಮೊದಲು ಗೂಡು ಒರೆಸಬೇಕು, ಬಟ್ಟೆ ಬದಲಿಸಬೇಕು, ಆ ಮಹಾಶಯನ ಹಿಂಬದಿಯನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆಯಬೇಕು. ಹೆತ್ತ ಮಗಳಿಗೂ ನಾನು ಇಷ್ಟು ಮಾಡಿರಲಿಲ್ಲ. ಅಷ್ಟರ ನಡುವೆ ಫ್ರಿಜ್ಜಿನ ಬಾಗಿಲು ತೆಗೆದಾಗಲೆಲ್ಲ ‘ನಿನಗೆ ಅಡುಗೆ ಚೆನ್ನಾಗಿ ಬರತ್ತಲ್ಲ’ ಎನ್ನುವ ಸಾಲು ಎದುರಿಗೇ ಬರುತ್ತಿತ್ತು. ನನಗೆ ರೋಸಿ ಹೋಯಿತು.

ಹತ್ತನೇ ದಿನ ಬೆಳಿಗ್ಗೆ ಟೀ ಜೊತೆ ತಿನ್ನಲೆಂದು ಬಿಸ್ಕತ್ತಿನ ಡಬ್ಬಿ ತೆಗೆದೆ. ಹಿಂದಿನ ದಿನ ಆರಿದ್ದವು, ಈಗ ಐದು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಡಬ್ಬಿಯನ್ನು ಇವರ ಮುಂದೆ ಕುಕ್ಕಿದೆ.

“ಇದಕ್ಕೇನಂತೀರಿ? ಸಾಯೋಕೆ ಬಿದ್ದಿರೋ ಪ್ರಾಣಿ ಬಾಯಿಗೆ ಬಿಸ್ಕತ್ತು! ಭಾನುವಾರ ಮಗು ಬಂದು ಕೇಳಿದ್ರೆ ಯಾವ ಮುಖ ಇಟ್ಕೊಂಡು ಉತ್ತರ ಹೇಳ್ತೀರಿ? ನಿಮಗೆ ಸ್ವಲ್ಪನಾದ್ರೂ…”

ಇವರು ಟೀ ಲೋಟ ಕೆಳಗಿಟ್ಟರು. ನನ್ನನ್ನು ನೋಡಿದರು, ಗೂಡನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

“ಹೌದು ಮಾರಾಯ್ತಿ. ನಾನೇ ಕೊಟ್ಟೆ. ಒಂದು ಚೂರು. ತಪ್ಪಾಯ್ತು.”

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಆದ ನೆಮ್ಮದಿ ಅಷ್ಟಿಷ್ಟಲ್ಲ. ತಕ್ಷಣ ಡಾಕ್ಟರಮ್ಮನಿಗೆ ಫೋನು ಮಾಡಿ, “ಕಳ್ಳ ಸಿಕ್ಕಿಬಿದ್ದ, ಬಿಸ್ಕತ್ತು ತಿನ್ನಿಸಿದ್ದಾರೆ,” ಎಂದೆ. “ಹಾಗಾದ್ರೆ ಭಯ ಬೇಡ, ಹುಲ್ಲು ಮುಂದುವರಿಸಿ, ತಾನಾಗೇ ಸರಿಹೋಗುತ್ತೆ,” ಎಂದಳು. ನಾನು ಮುಂದುವರಿಸಿದೆ. ಬಿಸ್ಕತ್ತಿನ ಡಬ್ಬಿಯನ್ನು ಕಪಾಟಿನೊಳಗಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಹಾಸ್ಟೆಲ್ಲಿಗೂ ಒಯ್ದೆ.

ಹನ್ನೆರಡನೇ ದಿನ, ಶುಕ್ರವಾರ, ನಾನು ಪಾಳಿ ಮುಗಿಸಿ ಬಂದಾಗ ಇವರು ಬಾಗಿಲಲ್ಲೇ ನಿಂತಿದ್ದರು. ಬೆಳಗಿನಿಂದ ಸಾಹೇಬ ಒಂದು ಎಳೆಯನ್ನೂ ಮುಟ್ಟಿಲ್ಲ ಎಂದರು. ಅವನು ರೋಮ ಕೆದರಿಕೊಂಡು ಗೋಡೆಗೆ ಮುಖ ಹಾಕಿ ಕೂತಿದ್ದ. ಕೊತ್ತಂಬರಿ ಹಿಡಿದೆ, ತಿರುಗಿ ನೋಡಲಿಲ್ಲ. ಅವನನ್ನು ಬುಟ್ಟಿಯಲ್ಲಿಟ್ಟುಕೊಂಡು ಇಬ್ಬರೂ ಡಾಕ್ಟರಮ್ಮನ ಹತ್ತಿರ ಓಡಿದೆವು. ಭಾನುವಾರಕ್ಕೆ ಎರಡೇ ದಿನ. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಮಗು ‘ಎಲ್ಲಿ ಅವರಿಬ್ರು’ ಎಂದು ಓಡಿ ಬರುತ್ತಾಳೆ.

“ಇದು ಬಿಸ್ಕತ್ತಿನ ಕತೆ ಅಲ್ಲ,” ಎಂದಳು ಡಾಕ್ಟರಮ್ಮ, ಸಾಹೇಬನನ್ನು ಎತ್ತಿಕೊಂಡ ಕೂಡಲೇ. “ಏನು ತಿನ್ನಿಸ್ತಿದೀರೋ ಅದನ್ನೇ ತನ್ನಿ, ನೋಡ್ಬೇಕು.”

ಇವರು ಆಟೋ ಹಿಡಿದು ಹೋಗಿ ಸ್ಟೀಲ್ ಡಬ್ಬವನ್ನೇ ತಂದರು. ಡಾಕ್ಟರಮ್ಮ ಮುಚ್ಚಳ ತೆಗೆದು ಮುಖ ಹಿಂದಕ್ಕೆಳೆದುಕೊಂಡಳು.

“ಇದು ಒದ್ದೆಯಾಗಿದ್ದು ಹೇಗೆ?”

“ತೊಳೆದಿದೀನಿ,” ಎಂದೆ ನಾನು. “ಮೂರು ನೀರಲ್ಲಿ.”

ಅವಳು ಕೈ ಹಾಕಿ ತಳದಿಂದ ಒಂದು ಹಿಡಿ ಮೇಲೆತ್ತಿದಳು. ಮುಗ್ಗಲು ವಾಸನೆ ಕೋಣೆಗೆಲ್ಲ ಹರಡಿತು. ಎಳೆಗಳ ಮೇಲೆ ಬಿಳಿ ಬೂಷ್ಟು ಹತ್ತಿಯ ಹಾಗೆ ಅಂಟಿಕೊಂಡಿತ್ತು. ದಿನವೂ ಮೇಲಿನದನ್ನು ತೆಗೆದು ಹಾಕುತ್ತಿದ್ದ ನಾನು ತಳ ನೋಡಿರಲೇ ಇಲ್ಲ.

“ಅಮ್ಮಾ, ಒಣಹುಲ್ಲು ಅನ್ನೋದು ಒಣಗೇ ಇರಬೇಕು. ಧೂಳಿದ್ರೆ ಕೊಡವಬೇಕಿತ್ತು ಅಷ್ಟೆ. ಇನ್ನೊಂದರದ್ದು ಗಟ್ಟಿ ಹೊಟ್ಟೆ, ಬಚಾವಾಯ್ತು. ಇವನಿಗೆ ಇಷ್ಟು ದಿನ ಬೂಷ್ಟು ತಿನ್ನಿಸಿದೀರಿ. ಬಿಸ್ಕತ್ತು ಅಂತ ಹೇಳದೇ ಇದ್ದಿದ್ರೆ ಅವತ್ತೇ ಹುಲ್ಲು ತರಿಸಿ ನೋಡ್ತಿದ್ದೆ.”

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಆ ಹುಲ್ಲನ್ನು ನೋಡಿದ ಮೇಲೆ ಡಬ್ಬದ ಮುಚ್ಚಳ ಹಾಕಿದೆ, ಅಷ್ಟೆ. ಅವಳು ಸಾಹೇಬನನ್ನು ಒಳಗೆ ಕರೆದುಕೊಂಡು ಹೋದಳು. ಔಷಧಿ ಕೊಟ್ಟು, ಸಿರಿಂಜಿನಲ್ಲಿ ಗಂಜಿಯಂಥದ್ದನ್ನು ಕುಡಿಸಿ, ಸಂಜೆಯವರೆಗೆ ನೋಡಿ ಹೇಳುತ್ತೇನೆ ಎಂದಳು.

ಹೊರಗಿನ ಬೆಂಚಿನ ಮೇಲೆ ನಾವಿಬ್ಬರೇ. ನಡುವೆ ಖಾಲಿ ಬುಟ್ಟಿ. ತಪ್ಪು ನನ್ನದು ಎಂದು ಗೊತ್ತಾದ ಮೇಲೂ ನನಗೆ ಬಂದದ್ದು ಸಿಟ್ಟೇ. ಅದು ಇವರ ಮೇಲೆಯೇ ತಿರುಗಿತು.

“ಕೊಟ್ಟಿದ್ದು ಒಂದು ಚೂರು ಬಿಸ್ಕತ್ತಾದ್ರೆ ಅದಕ್ಕೇನೂ ಆಗ್ತಿರಲಿಲ್ಲ ಅಲ್ವಾ? ನಿಜವಾಗಿ ಎಷ್ಟು ಕೊಟ್ರಿ?”

“ಕೊಟ್ಟಿಲ್ಲ.”

“ಏನು?”

“ಬಿಸ್ಕತ್ತು ನಾನೇ ತಿಂದೆ. ಹಸಿವಾಗಿತ್ತು.”

ನನಗೆ ಮೈಯೆಲ್ಲ ಉರಿಯಿತು. “ಮತ್ತೆ ಕೊಟ್ಟೆ ಅಂತ ಯಾಕ್ರೀ ಒಪ್ಕೊಂಡ್ರಿ? ಅವತ್ತೇ ಬಾಯಿ ಬಿಟ್ಟಿದ್ರೆ ಇವನು ಈ ಸ್ಥಿತಿಗೆ ಬರ್ತಿದ್ನಾ? ಮಾಡದೇ ಇರೋದನ್ನ ಯಾರಾದ್ರೂ ಒಪ್ಕೋತಾರಾ?”

“ಮೂರು ದಿನ ಹೇಳಿದ್ನಲ್ಲ, ಕೊಟ್ಟಿಲ್ಲ ಅಂತ. ನೀನು ಕೇಳಿದ್ಯಾ?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕಾಗದದ ಮೇಲಿನ ವಿಳಾಸ ಓದುವವರ ಹಾಗೆ ಹೇಳಿದರು. “ಒಪ್ಕೊಂಡ್ರೆ ಒಂದು ದಿನಕ್ಕೆ ಮುಗಿಯತ್ತೆ. ಇಲ್ಲ ಅಂದ್ರೆ ವಾರಗಟ್ಟಲೆ ನಡೆಯತ್ತೆ. ನನಗೆ ಅಭ್ಯಾಸ ಆಗಿದೆ ಬಿಡು.”

ನಮ್ಮ ಹಾಸ್ಟೆಲ್ಲಿನ ಊಟದ ಕೋಣೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದೆ: ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಮೊದಲರ್ಧ ನನ್ನದೆಂದು ಇಪ್ಪತ್ತಾರು ವರ್ಷ ಬೀಗಿದ್ದೆ. ಎರಡನೆಯದನ್ನು ಈ ಮನುಷ್ಯ ಹೇಗೆ ಪಾಲಿಸುತ್ತಿದ್ದಾರೆ ಎಂದು ಈಗ ತಿಳಿಯಿತು. ಅಭ್ಯಾಸ ಎನ್ನುವ ಮಾತು ನನ್ನನ್ನು ಚುಚ್ಚಿತು. ಅಭ್ಯಾಸ ಒಂದೇ ಸಲಕ್ಕೆ ಆಗುವುದಿಲ್ಲ.

“ರೀ,” ಎಂದೆ. “ಹಾಗಾದ್ರೆ ಆ ಓಲೆ?”

ಇವರು ಬುಟ್ಟಿಯ ಹಿಡಿಯನ್ನು ಸರಿಮಾಡತೊಡಗಿದರು. ಅದು ಸರಿಯಾಗಿಯೇ ಇತ್ತು.

“ಓಲೆ ನಾನು ನೋಡೇ ಇರಲಿಲ್ಲ,” ಎಂದರು.

ಹಿಟ್ಟು ನಾದುವಾಗ ಓಲೆ ಹಾಕಿಕೊಳ್ಳುವ ಹಾಗಿಲ್ಲ, ಅದು ಅಡುಗೆಮನೆಯ ನಿಯಮ. ತೆಗೆದು ಏಪ್ರನ್ನಿನ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಹನ್ನೆರಡು ವರ್ಷದ ಹಿಂದಿನ ಆ ಸಂಜೆ ಮನೆಗೆ ಬಂದು ಜೇಬಿನಿಂದ ಒಂದನ್ನು ತೆಗೆದು ಕನ್ನಡಿಯ ಕೆಳಗಿಟ್ಟದ್ದು ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ಎರಡನೆಯದನ್ನು ತೆಗೆದದ್ದು ಎಷ್ಟು ನೆನೆದರೂ ನೆನಪಾಗಲಿಲ್ಲ. ಮತ್ತೆ ಆ ಏಪ್ರನ್ನನ್ನು ಅವತ್ತೇ ತೊಳೆದಿದ್ದೆ. ಎಷ್ಟು ನೀರಿನಲ್ಲಿ ಎಂದು ಬೇರೆ ಹೇಳಬೇಕಾಗಿಲ್ಲ.

ಸಂಜೆ ಐದೂವರೆಗೆ ಡಾಕ್ಟರಮ್ಮ ಒಳಗೆ ಕರೆದಳು. ಸಾಹೇಬ ಮೇಜಿನ ಮೇಲೆ ಒಂದು ಒಣ ಎಳೆಯನ್ನು ಬಾಯಲ್ಲಿಟ್ಟುಕೊಂಡು ಇಷ್ಟಿಷ್ಟೇ ಜಗಿಯುತ್ತಿದ್ದ. ನಮ್ಮನ್ನು ಕಂಡ ಕೂಡಲೇ ಜಗಿಯುವುದನ್ನು ನಿಲ್ಲಿಸಿ ಅದೇ ಹಳೆಯ ಅಸಮಾಧಾನದಿಂದ ನೋಡಿದ. ನನಗೆ ಅಳು ಬಂತು. ಮುಖ ಒರೆಸಿಕೊಂಡು, ಡಾಕ್ಟರಮ್ಮ ಕೊಟ್ಟ ಒಣಹುಲ್ಲಿನ ಕಟ್ಟನ್ನು ನೀರು ತಾಗದ ಹಾಗೆ ಸೆರಗಿನಲ್ಲಿ ಸುತ್ತಿಕೊಂಡೆ.

ದಾರಿಯಲ್ಲಿ ಇವರು ಬುಟ್ಟಿ ಹಿಡಿದು ಮುಂದೆ, ನಾನು ಹಿಂದೆ. ಹೇಳಬೇಕಾದದ್ದು ಬೇಕಾದಷ್ಟಿತ್ತು. ಹನ್ನೆರಡು ವರ್ಷದ್ದು ಇತ್ತು. ಆದರೆ ನನ್ನ ಬಾಯಿಗೆ ಬಂದದ್ದು ಬೈಗುಳವೇ.

“ಇನ್ಮೇಲೆ ಮಾಡದೇ ಇರೋದನ್ನ ನೀವು ಒಪ್ಕೊಂಡ್ರೆ ನೋಡಿ ಮತ್ತೆ. ನನ್ನನ್ನ ಇಷ್ಟು ವರ್ಷ ಸುಳ್ಳಿ ಮಾಡಿದ್ರಲ್ಲ, ಅದು ನಿಮ್ಮ ತಪ್ಪೇ ಅಲ್ವಾ?”

ಇವರು ನಿಂತು, ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

“ಹೌದು ಮಾರಾಯ್ತಿ,” ಎಂದರು. “ತಪ್ಪಾಯ್ತು.”